ಮುಚ್ಚಳ ನಮ್ಮ ಕೆಲಸ, ನೀರು ಪಂಚಾಯಿತಿ ಕೆಲಸ

ಹೋದ ಮಳೆಗಾಲದಲ್ಲಿ ನಮ್ಮ ಅಕ್ಕನ ಮಗನಿಗೆ ಜ್ವರ ಬಂತು. ಹತ್ತು ವರ್ಷದ ಹುಡುಗ. ಮೂರು ದಿನ ಮೈ ಕೆಂಡದಂತೆ ಸುಡುತ್ತಿತ್ತು, ಕಣ್ಣಿನ ಹಿಂದೆ ನೋವು, ಮೈಕೈ ನೋವು. ನಾಲ್ಕನೇ ದಿನ ಬೆಳಿಗ್ಗೆ ಅಕ್ಕ ಫೋನ್ ಮಾಡಿ, ‘ಜ್ವರ ಬಿಡ್ತು ನೋಡೋ ತಮ್ಮಾ’ ಅಂದಳು. ಅವತ್ತೇ ಸಂಜೆ ಹುಡುಗ ಹೊಟ್ಟೆ ಹಿಡಿದುಕೊಂಡು ಅಳತೊಡಗಿದ. ಕುಡಿದದ್ದೆಲ್ಲ ವಾಂತಿ. ರಾತ್ರೋರಾತ್ರಿ ಬಳ್ಳಾರಿಗೆ ಒಯ್ದೆವು. ಡೆಂಗಿ ಅಂದರು. ಹುಡುಗ ಉಳಿದ. ‘ಜ್ವರ ಇಳಿದ ದಿನವೇ ಹುಷಾರಾಗಿರಬೇಕು, ಇನ್ನು ಸ್ವಲ್ಪ ತಡವಾಗಿದ್ದರೆ ಕಷ್ಟ ಇತ್ತು’ ಎಂದು ಡಾಕ್ಟ್ರು ಹೇಳಿದ್ದು ನನಗೆ ಇನ್ನೂ ಮರೆತಿಲ್ಲ.

ಊರಿಗೆ ಬಂದು ಅಕ್ಕನ ಮನೆಯ ನೀರಿನ ಡ್ರಮ್ಮಿಗೆ ಮೊಬೈಲ್ ಟಾರ್ಚ್ ಹಿಡಿದು ನೋಡಿದೆ. ತಿಳಿನೀರಿನಲ್ಲಿ ಮರಿಹುಳುಗಳು ಕುಣಿಯುತ್ತಿದ್ದವು. ನಮ್ಮ ಮನೆಯ ಡ್ರಮ್ಮಿನಲ್ಲೂ ಅದೇ ಕತೆ. ಸುದ್ದಿ ಬರೆಯುವ ನಾನೇ ಒಂದು ದಿನವೂ ಇಣುಕಿ ನೋಡಿರಲಿಲ್ಲ.

ಹಚ್ಚೊಳ್ಳಿ ಕಡೆ ಯಾರನ್ನೇ ಕೇಳಿ, ಸೊಳ್ಳೆ ಚರಂಡಿಯಿಂದ ಬರ್ತಾವೆ, ಇಲ್ಲ ಭತ್ತದ ಗದ್ದೆಯಿಂದ ಬರ್ತಾವೆ ಅನ್ನುತ್ತಾರೆ. ಆ ಸೊಳ್ಳೆಗಳೂ ಇವೆ. ಗದ್ದೆಯಲ್ಲಿ ಹುಟ್ಟುವ ಕ್ಯೂಲೆಕ್ಸ್ ಸೊಳ್ಳೆ ಮೆದುಳು ಜ್ವರ ತರಬಲ್ಲದು. ಆದರೆ ಡೆಂಗಿ ತರುವ ಈಡಿಸ್ ಸೊಳ್ಳೆಯೇ ಬೇರೆ. ಅದಕ್ಕೆ ಬೇಕಾದದ್ದು ನಿಂತ ತಿಳಿನೀರು. ಡ್ರಮ್, ಸಿಮೆಂಟ್ ತೊಟ್ಟಿ, ದನದ ಬಾನಿ, ಕೂಲರ್, ಹಳೇ ಟೈರು, ತೆಂಗಿನ ಚಿಪ್ಪು ಸಾಕು. ಕಚ್ಚುವುದು ಹಗಲಿನಲ್ಲಿ. ಹೆಚ್ಚು ದೂರ ಹಾರುವುದೂ ಇಲ್ಲ. ಅಂದರೆ ನಿಮ್ಮನ್ನು ಕಚ್ಚಿದ ಸೊಳ್ಳೆ ನಿಮ್ಮ ಮನೆಯಲ್ಲೋ ಪಕ್ಕದ ಮನೆಯಲ್ಲೋ ಹುಟ್ಟಿದ್ದು. ಬೀದಿಯಲ್ಲಿ ಹೊಗೆ ಬಿಟ್ಟರೆ ಹಾರಾಡುವ ಸೊಳ್ಳೆ ಒಂದಿಷ್ಟು ಸಾಯಬಹುದು, ಡ್ರಮ್ಮಿನೊಳಗಿನ ಮರಿಗಳಿಗೆ ಏನೂ ಆಗುವುದಿಲ್ಲ.

2024ರಲ್ಲಿ ರಾಜ್ಯದಲ್ಲಿ 25 ಸಾವಿರಕ್ಕೂ ಹೆಚ್ಚು ಜನರಿಗೆ ಡೆಂಗಿ ಬಂತು. ಸರ್ಕಾರ ಅದನ್ನು ಸಾಂಕ್ರಾಮಿಕ ರೋಗ ಎಂದು ಘೋಷಿಸಿತು. ಸೊಳ್ಳೆ ಬೆಳೆಯಲು ಬಿಟ್ಟರೆ ದಂಡ ಎಂದೂ ಹೇಳಿತು: ಹಳ್ಳಿಯ ಮನೆಗೆ 200 ರೂಪಾಯಿ, ಪಟ್ಟಣದ ಮನೆಗೆ 400. ನಾನು ದಂಡವನ್ನು ವಿರೋಧಿಸುವುದಿಲ್ಲ. ಒಂದು ಮನೆಯ ಉದಾಸೀನಕ್ಕೆ ಪಕ್ಕದ ಮನೆಯ ಮಗು ಮಲಗುತ್ತದೆ. ಆದರೆ ನಾವು ಡ್ರಮ್ ತುಂಬಿಡುವುದು ಯಾಕೆ ಎಂಬ ಪ್ರಶ್ನೆಯನ್ನೂ ಕೇಳಬೇಕಲ್ಲ?

ನಲ್ಲಿ ನೀರು ಮತ್ತೆ ಯಾವಾಗ ಬರುತ್ತದೋ ಗೊತ್ತಿಲ್ಲದ ಮನೆಯಲ್ಲಿ ಹೆಣ್ಣುಮಕ್ಕಳು ಇದ್ದಬದ್ದ ಪಾತ್ರೆಗೆಲ್ಲ ನೀರು ತುಂಬುತ್ತಾರೆ. ಅವರಿಗೆ ‘ವಾರಕ್ಕೊಮ್ಮೆ ಡ್ರಮ್ ಖಾಲಿ ಮಾಡಮ್ಮ’ ಎಂದರೆ, ‘ನಾಳೆ ನೀರು ನೀವು ತಂದು ಕೊಡ್ತೀರೇನು?’ ಎಂದು ಕೇಳುತ್ತಾರೆ. ಕೇಳುವುದರಲ್ಲಿ ತಪ್ಪಿಲ್ಲ. 2019ರಲ್ಲಿ ಶುರುವಾದ ಜಲಜೀವನ್ ಮಿಷನ್ ಮನೆಮನೆಗೆ ನಲ್ಲಿ ಹಾಕಿ, ತಲೆಗೆ ದಿನಕ್ಕೆ 55 ಲೀಟರ್ ನೀರು ಕೊಡುತ್ತೇವೆ ಎಂದಿತ್ತು. ಆ ನೀರು ದಿನಾ ಬಂದರೆ ಅರ್ಧ ಡ್ರಮ್‌ಗಳು ತಾವೇ ಖಾಲಿಯಾಗುತ್ತವೆ. ದಿನಾ ಬಿಡಲು ಆಗದಿದ್ದರೆ ಯಾವ ಓಣಿಗೆ ಯಾವ ದಿನ, ಎಷ್ಟು ಹೊತ್ತಿಗೆ ಎಂದಾದರೂ ಪಂಚಾಯಿತಿ ಮೊದಲೇ ತಿಳಿಸಲಿ. ನೀರು ಬಿಡುವ ಹಿಂದಿನ ದಿನ ಎಲ್ಲರೂ ಡ್ರಮ್ ತೊಳೆಯಬಹುದು. ಇದಕ್ಕೆ ದೊಡ್ಡ ಅನುದಾನ ಬೇಡ, ನೀರಗಂಟಿಯಿಂದ ವಾಟ್ಸ್‌ಆ್ಯಪ್ ಗ್ರೂಪಿಗೆ ಒಂದು ಮೆಸೇಜ್ ಸಾಕು. ಖಾಲಿ ಮಾಡಲಾಗದ ದೊಡ್ಡ ತೊಟ್ಟಿಗಳಿಗೆ ಆರೋಗ್ಯ ಇಲಾಖೆಯವರಿಂದ ಗಪ್ಪಿ, ಗಾಂಬೂಸಿಯಾ ಮೀನು ತರಿಸಿ ಬಿಡಲಿ.

ನಮ್ಮ ಪಾಲಿನ ಕೆಲಸವೂ ಇದೆ. ಮೊಟ್ಟೆ ಸೊಳ್ಳೆಯಾಗಲು ಸುಮಾರು ಎಂಟು-ಹತ್ತು ದಿನ ಬೇಕು, ಅದಕ್ಕೇ ವಾರಕ್ಕೊಮ್ಮೆ ತೊಳೆಯಬೇಕು ಅನ್ನುವುದು. ಬರೀ ನೀರು ಚೆಲ್ಲಿದರೆ ಸಾಲದು. ಮೊಟ್ಟೆಗಳು ಡ್ರಮ್ಮಿನ ಒಳಗೋಡೆಗೆ ಅಂಟಿಕೊಂಡು ಒಣಗಿದರೂ ತಿಂಗಳುಗಟ್ಟಲೆ ಸಾಯುವುದಿಲ್ಲ. ತಿಕ್ಕಿ ತೊಳೆಯಿರಿ. ಹುಳು ಇರುವ ನೀರನ್ನು ಒಣ ನೆಲಕ್ಕೆ ಚೆಲ್ಲಿ. ಮುಚ್ಚಳ ಇಲ್ಲದಿದ್ದರೆ ಹಳೇ ಹತ್ತಿ ಸೀರೆ ಹಾಸಿ ಬಿಗಿಯಾಗಿ ಕಟ್ಟಿ. ಆಶಾ ಅಕ್ಕ ಡ್ರಮ್ ನೋಡಲು ಬಂದರೆ ಬಾಗಿಲಲ್ಲೇ ನಿಲ್ಲಿಸಬೇಡಿ.

ಜ್ವರ ಬಂದರೆ ಮೊದಲು ಸರ್ಕಾರಿ ಆಸ್ಪತ್ರೆಯಲ್ಲಿ ತೋರಿಸಿ. ಮೊದಲ ಐದು ದಿನದೊಳಗೆ ಎನ್‌ಎಸ್1, ಆಮೇಲೆ ಐಜಿಎಂ ಪರೀಕ್ಷೆ ಮಾಡುತ್ತಾರೆ. 2024ರಲ್ಲಿ ಸರ್ಕಾರ ಖಾಸಗಿಯವರಿಗೂ ದರ ಕಟ್ಟಿತು: ಎಲೈಸಾ ವಿಧಾನದ ಈ ಒಂದೊಂದು ಪರೀಕ್ಷೆಗೆ 300 ರೂಪಾಯಿ, ಕಾರ್ಡ್ ಟೆಸ್ಟಿಗೆ 250. ಜ್ವರಕ್ಕೆ ಡಾಕ್ಟ್ರು ಹೇಳಿದಷ್ಟು ಪ್ಯಾರಾಸಿಟಮಾಲ್ ಮಾತ್ರ. ‘ಬೇಗ ಇಳಿಯೋ ಇಂಜೆಕ್ಷನ್ ಹಾಕಿ’ ಎಂದು ದುಂಬಾಲು ಬೀಳಬೇಡಿ. ಡೈಕ್ಲೊಫೆನಾಕ್, ಐಬುಪ್ರೊಫೆನ್, ಆಸ್ಪಿರಿನ್ ಡೆಂಗಿಯಲ್ಲಿ ರಕ್ತಸ್ರಾವ ಹೆಚ್ಚಿಸಬಹುದು. ಗಂಜಿ, ಮಜ್ಜಿಗೆ, ಎಳನೀರು, ಓಆರ್‌ಎಸ್ ಮೇಲಿಂದ ಮೇಲೆ ಕುಡಿಸಿ. ರೋಗಿಯನ್ನು ಹಗಲಲ್ಲೂ ಸೊಳ್ಳೆ ಪರದೆಯೊಳಗೇ ಮಲಗಿಸಿ, ಅವರನ್ನು ಕಚ್ಚಿದ ಸೊಳ್ಳೆಯೇ ಮುಂದೆ ಇನ್ನೊಬ್ಬರಿಗೆ ರೋಗ ಹಚ್ಚುತ್ತದೆ.

ಜ್ವರ ಇಳಿದ ಮೇಲೆ ಎರಡು ದಿನ ಕಣ್ಣಿಟ್ಟು ನೋಡಿ. ಹೊಟ್ಟೆನೋವು, ನಿಲ್ಲದ ವಾಂತಿ, ವಸಡು ಅಥವಾ ಮೂಗಿನಲ್ಲಿ ರಕ್ತ, ಕಪ್ಪು ಮಲ, ಮೂತ್ರ ಕಡಿಮೆಯಾಗುವುದು, ಕೈಕಾಲು ತಣ್ಣಗಾಗುವುದು, ಮಂಕು. ಇದರಲ್ಲಿ ಒಂದು ಕಂಡರೂ ಬೆಳಗಾಗಲಿ ಎಂದು ಕಾಯಬೇಡಿ, 108ಕ್ಕೆ ಕರೆ ಮಾಡಿ. ಪಪ್ಪಾಯಿ ಎಲೆ ರಸ ನಂಬಿಕೊಂಡು ಕೂರಬೇಡಿ. ಪ್ಲೇಟ್‌ಲೆಟ್ ಇಳಿಯಿತು ಎಂದ ಮಾತ್ರಕ್ಕೆ ಗಾಬರಿಯೂ ಬೇಡ. ರಕ್ತಸ್ರಾವ ಇಲ್ಲದಿದ್ದರೆ, ಸಾಮಾನ್ಯವಾಗಿ 10 ಸಾವಿರಕ್ಕಿಂತ ಕೆಳಗೆ ಹೋದಾಗ ಮಾತ್ರ ಅದನ್ನು ಏರಿಸುತ್ತಾರೆ.

ಇದನ್ನು ಓದಿದ ಮೇಲೆ ಫೋನಿನ ಟಾರ್ಚ್ ಹಾಕಿ ನಿಮ್ಮ ಡ್ರಮ್ಮಿನೊಳಗೆ ಒಮ್ಮೆ ನೋಡಿ. ಹುಳು ಕಂಡರೆ ಇವತ್ತೇ ತೊಳೆಯಿರಿ. ಮುಂದಿನ ಗ್ರಾಮಸಭೆಗೆ ಹೋಗಿ, ನಮ್ಮ ಓಣಿಗೆ ನೀರು ಯಾವ ದಿನ ಬಿಡುತ್ತೀರಿ ಎಂದು ಕೇಳಿ, ಉತ್ತರವನ್ನು ನಡಾವಳಿ ಪುಸ್ತಕದಲ್ಲಿ ಬರೆಸಿ. ನಾನೂ ನಮ್ಮೂರ ಸಭೆಯಲ್ಲಿ ಇದನ್ನೇ ಕೇಳುತ್ತೇನೆ.