ಟಾರಿಲ್ಲದ ದಾರಿ, ದಾರಿಯಿಲ್ಲದ ನೆಲ

ಮೋಟಾರು ಸೈಕಲು ಹುಟ್ಟಿದ ಕಾಲದಲ್ಲಿ ಟಾರು ಬಳಿದ ರಸ್ತೆ ಅಪರೂಪದ ವಸ್ತುವಾಗಿತ್ತು. ಗಾಡಿಗಳು ಅರೆದ ಧೂಳಿನಲ್ಲಿ, ಮಳೆಗಾಲದ ಕೆಸರಿನಲ್ಲಿ, ಉರುಟು ಜಲ್ಲಿಯ ಮೇಲೆ ಓಡಲಾರದ ವಾಹನದಿಂದ ಆಗ ಯಾರಿಗೂ ಪ್ರಯೋಜನವಿರಲಿಲ್ಲ. ರಸ್ತೆಗಳು ನುಣುಪಾದಂತೆಲ್ಲ ವಾಹನವೂ ಬದಲಾಯಿತು. ವೇಗ ಹೆಚ್ಚಿತು, ಎತ್ತರ ತಗ್ಗಿತು, ಟೈರಿನ ಮೈ ನಯವಾಯಿತು. ಟಾರು ಮಣ್ಣು ಎರಡಕ್ಕೂ ಸಲ್ಲುವ ಹಗುರ ವಾಹನ ಮತ್ತೆ ಜನಪ್ರಿಯವಾದುದು 1968ರಲ್ಲಿ, ಜಪಾನಿನ ಯಮಹಾ ಸಂಸ್ಥೆ ತನ್ನ 250 ಸಿಸಿಯ ಡಿಟಿ-1 ಅನ್ನು ಅಮೆರಿಕದಲ್ಲಿ ಮಾರತೊಡಗಿದಾಗ. ಜರ್ಮನಿಯ ಬಿಎಂಡಬ್ಲ್ಯು ಸಂಸ್ಥೆ 1980ರಲ್ಲಿ ಹೊರತಂದ ಆರ್80 ಜಿ/ಎಸ್ ಎಂಬುದರ ಹೆಸರಿನಲ್ಲಿಯೇ ಈ ಜಾತಿಯ ಲಕ್ಷಣವಿದೆ: ಒಂದು ಅಕ್ಷರ ಕಾಡುಮೇಡಿನ ನೆಲಕ್ಕೆ, ಇನ್ನೊಂದು ರಸ್ತೆಗೆ. ಇಂಗ್ಲಿಷಿನಲ್ಲಿ ಡ್ಯುಯಲ್ ಸ್ಪೋರ್ಟ್ ಎನ್ನಿಸಿಕೊಳ್ಳುವ ಇದನ್ನು ನಾವು ಉಭಯಪಥ ವಾಹನವೆಂದು ಕರೆಯೋಣ.

ನಮ್ಮ ನಾಡಿಗೂ ಇಂಥ ಸವಾರಿ ಹೊಸತಲ್ಲ. 1961ರಿಂದ 1996ರವರೆಗೆ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಿಂದ ಹೊರಬಂದ ಜಾವಾ, ಯೆಜ್ಡಿಗಳು ಮಲೆನಾಡಿನ ತೋಟದ ದಾರಿಗಳಲ್ಲಿ ಬಹುಕಾಲ ದುಡಿದಿವೆ. ಆದರೆ ಈ ಕೆಲಸಕ್ಕೆಂದೇ ರೂಪಿಸಿದ ವಾಹನಗಳು ನಮ್ಮಲ್ಲಿ ಬೇರೂರಿದ್ದು 2016ರಲ್ಲಿ ರಾಯಲ್ ಎನ್‌ಫೀಲ್ಡ್ ಹಿಮಾಲಯನ್, 2019ರಲ್ಲಿ ಹೀರೋ ಎಕ್ಸ್‌ಪಲ್ಸ್ 200 ಬಂದ ಮೇಲೆ. ಅದಕ್ಕೆ ಮುನ್ನವೇ, 2015ರಲ್ಲಿ, ಬೆಂಗಳೂರಿನ ಸಿ. ಎಸ್. ಸಂತೋಷ್ ಅವರು ಡಾಕರ್ ರ್‍ಯಾಲಿಯನ್ನು ಪೂರ್ಣಗೊಳಿಸಿದ ಪ್ರಥಮ ಭಾರತೀಯರೆನಿಸಿ ತರುಣರ ಉತ್ಸಾಹವನ್ನು ಹೆಚ್ಚಿಸಿದ್ದರು. ಇಂದು ಭಾನುವಾರದ ಮುಂಜಾನೆ ನಮ್ಮ ಊರುಗಳಿಂದ ಸವಾರರ ಬಳಗಗಳು ಘಟ್ಟದ ಕಡೆಗೆ ಹೊರಡುತ್ತವೆ. ನಾವೂ ಅಂಥದೊಂದು ಬಳಗಕ್ಕೆ ಸೇರಿದವರು. ಅಧ್ಯಾಪಕ, ತೋಟಗಾರ, ಮೆಕ್ಯಾನಿಕ್ಕು, ಬ್ಯಾಂಕಿನ ಗುಮಾಸ್ತ ಎಂಬ ಭೇದವಿಲ್ಲದೆ, ಒಬ್ಬನ ಗಾಡಿ ಕೆಸರಿನಲ್ಲಿ ಹೂತರೆ ನಾಲ್ವರು ಸೇರಿ ಎತ್ತುವ ಸ್ನೇಹ ಅಲ್ಲಿದೆ.

ಕಾಲೇಜಿನಲ್ಲಿ ಭೌತವಿಜ್ಞಾನ ಪಾಠ ಹೇಳುವವರಿಗೆ ಈ ಸವಾರಿಯಲ್ಲಿ ಇನ್ನೊಂದು ಆಕರ್ಷಣೆಯೂ ಉಂಟು. ಕರಿಹಲಗೆಯ ಮೇಲೆ ಬರೆದ ಘರ್ಷಣೆ, ಜಡತ್ವ, ಗುರುತ್ವ ಕೇಂದ್ರಗಳೆಲ್ಲ ಇಲ್ಲಿ ಕೈಕಾಲುಗಳ ಅನುಭವವಾಗುತ್ತವೆ. ಸವಾರನು ಕಾಲ್ಮೆಟ್ಟುಗಳ ಮೇಲೆ ಎದ್ದು ನಿಂತನೆಂದರೆ ಅವನ ಮೊಣಕಾಲುಗಳೇ ಎರಡನೆಯ ಸ್ಪ್ರಿಂಗುಗಳಾಗುತ್ತವೆ; ವಾಹನ ಕೆಳಗೆ ಕುಣಿಯುತ್ತಿದ್ದರೂ ದೇಹ ಜಡತ್ವದಿಂದ ತನ್ನ ಪಾಡಿಗೆ ಮುಂದೆ ಸಾಗುತ್ತದೆ. ಟೈರಿನ ಗಾಳಿಯನ್ನು ಒಂದಿಷ್ಟು ಇಳಿಸಿದರೆ ಅದು ಚಪ್ಪಟೆಯಾಗಿ ಹೆಚ್ಚು ನೆಲವನ್ನು ತಬ್ಬಿಕೊಳ್ಳುತ್ತದೆ. ಇಂಥ ವಿದ್ಯೆಯನ್ನು ಕಲಿಸುವ ಹವ್ಯಾಸವನ್ನು ನಾವು ಹಳಿಯಲಾರೆವು.

ನಮ್ಮ ಆಕ್ಷೇಪವಿರುವುದು ಒಂದು ಪದದ ಬಗೆಗೆ. ಆಫ್ ರೋಡ್ ಎಂಬ ಮಾತು ಎರಡು ಬೇರೆ ಬೇರೆ ಕ್ರಿಯೆಗಳನ್ನು ಒಂದೇ ಮುಸುಕಿನಲ್ಲಿ ಮುಚ್ಚುತ್ತದೆ. ಟಾರಿಲ್ಲದ ದಾರಿಯಲ್ಲಿ ಹೋಗುವುದು ಒಂದು. ದಾರಿಯೇ ಇಲ್ಲದ ನೆಲದ ಮೇಲೆ ಹೋಗುವುದು ಇನ್ನೊಂದು. ಮೊದಲನೆಯದಕ್ಕೆ ಬಂಡಿಜಾಡು, ತೋಟದ ರಸ್ತೆ, ಹಳೆಯ ಘಟ್ಟದ ಹಾದಿಗಳು ಇವೆ. ಎರಡನೆಯದಕ್ಕೆ ಹುಲ್ಲುಬೋರೆ, ಹಳ್ಳದ ದಡ, ಗುಡ್ಡದ ನೆತ್ತಿ ಬಲಿಯಾಗುತ್ತವೆ. ಮೊದಲನೆಯದು ಸಾಧುವಾದ ಹವ್ಯಾಸ, ಎರಡನೆಯದು ಸಲ್ಲದು ಎಂಬುದು ನಮ್ಮ ಖಚಿತ ಅಭಿಪ್ರಾಯ. ಇದು ಕೇವಲ ಅಭಿರುಚಿಯ ಮಾತಲ್ಲವೆಂಬುದನ್ನು ಸಣ್ಣದೊಂದು ಲೆಕ್ಕದಿಂದ ತೋರಿಸಬಹುದು.

ವಾಹನವೂ ಸವಾರನೂ ಸೇರಿ 250 ಕಿಲೋಗ್ರಾಂ ಎನ್ನೋಣ. ಟೈರಿನಲ್ಲಿ ಚದರ ಅಂಗುಲಕ್ಕೆ 20 ಪೌಂಡು, ಎಂದರೆ ಚದರ ಸೆಂಟಿಮೀಟರಿಗೆ ಸುಮಾರು 1.4 ಕಿಲೋಗ್ರಾಂ ಒತ್ತಡವಿದ್ದರೆ, ಎರಡೂ ಗಾಲಿಗಳು ನೆಲವನ್ನು ಮುಟ್ಟುವ ವಿಸ್ತಾರ ಒಟ್ಟು 180 ಚದರ ಸೆಂಟಿಮೀಟರಿನಷ್ಟು. ಎರಡು ಅಂಗೈಗಳ ಅಗಲ, ಅಷ್ಟೆ. ಹಸುವಿನ ಗೊರಸು ನೆಲವನ್ನು ಒತ್ತುವುದೂ ಹೆಚ್ಚುಕಡಿಮೆ ಇಷ್ಟೇ. ಆದುದರಿಂದಲೇ ಕೆಲವು ಮಿತ್ರರು, "ದನ ಮೇಯುವ ಗುಡ್ಡದಲ್ಲಿ ಗಾಡಿ ಓಡಿದರೆ ತಪ್ಪೇನು?" ಎಂದು ಕೇಳುತ್ತಾರೆ. ಪ್ರಶ್ನೆ ನ್ಯಾಯವಾದುದೇ, ಆದರೆ ಮಣ್ಣಿಗೆ ಆಗುವ ಹಾನಿಯನ್ನು ಕೆಳಮುಖದ ಒತ್ತಡವೊಂದರಿಂದಲೇ ಅಳೆಯುವಂತಿಲ್ಲ.

20 ಡಿಗ್ರಿ ಓರೆಯ ಇಳಿಜಾರನ್ನು ಈ ವಾಹನ ಏರಬೇಕಾದರೆ ಹಿಂದಿನ ಗಾಲಿಯೊಂದೇ ಸುಮಾರು 85 ಕಿಲೋಗ್ರಾಂ ತೂಕಕ್ಕೆ ಸಮನಾದ ಬಲದಿಂದ ಮಣ್ಣನ್ನು ಹಿಂದಕ್ಕೆ ತಳ್ಳಬೇಕು. ಏರುವಾಗ ಭಾರ ಹಿಂದಕ್ಕೆ ಸರಿದು ಆ ಗಾಲಿ 120 ಚದರ ಸೆಂಟಿಮೀಟರಿನಷ್ಟು ನೆಲ ಹಿಡಿಯಿತೆಂದುಕೊಂಡರೂ, ಚದರ ಸೆಂಟಿಮೀಟರಿಗೆ 0.7 ಕಿಲೋಗ್ರಾಮಿನ ಸೆಳೆತವಾಯಿತು. 70 ಕಿಲೋಗ್ರಾಮಿನ ಮನುಷ್ಯನೊಬ್ಬ ಅದೇ ಇಳಿಜಾರನ್ನು ಮೆಲ್ಲನೆ ಏರುವಾಗ ಅವನ ಪಾದದಡಿಯ ಮಣ್ಣು ತಾಳಬೇಕಾದುದು ಇದರ ಆರನೆಯ ಒಂದು ಪಾಲು ಮಾತ್ರ. ಮಣ್ಣು ಒಣಗಿ ಗಟ್ಟಿಯಾಗಿದ್ದರೆ ಈ ಸೆಳೆತವನ್ನು ಹೇಗೋ ತಾಳೀತು. ನೀರುಂಡ ಮಣ್ಣಿನಲ್ಲಾದರೋ ಕಣಕಣಗಳ ನಡುವಿನ ಹಿಡಿತ ಸಡಿಲವಾಗಿರುತ್ತದೆ. ಪದರ ಕಳಚುತ್ತದೆ, ಗಾಲಿ ಗಿರ್ರನೆ ತಿರುಗುತ್ತದೆ, ಟೈರಿನ ಗುಬುಟುಗಳು ಹುಲ್ಲನ್ನು ಬೇರುಸಹಿತ ಕಿತ್ತು ಹಿಂದಕ್ಕೆ ಎರಚುತ್ತವೆ.

ಇನ್ನೂ ಮುಖ್ಯವಾದ ಅಂಶ ಗುರುತಿನ ಆಕಾರದ್ದು. ಗೊರಸು ಮಾಡುವುದು ಬಿಡಿಬಿಡಿ ಗುಳಿಗಳನ್ನು. ಮಳೆ ಬಂದರೆ ಅವುಗಳಲ್ಲಿ ನೀರು ನಿಲ್ಲುತ್ತದೆ. ಗಾಲಿ ಮಾಡುವುದು ಕಡಿಯದ ಒಂದು ಗೀರನ್ನು. ಅದರಲ್ಲಿ ನೀರು ಹರಿಯುತ್ತದೆ. ದನಗಳು ಸಾಮಾನ್ಯವಾಗಿ ಇಳಿಜಾರಿಗೆ ಅಡ್ಡಲಾಗಿ, ಸುತ್ತಿ ಬಳಸಿ ಹತ್ತುತ್ತವೆ. ಮೋಟಾರು ಸೈಕಲು ಅಡ್ಡ ಓರೆಯಲ್ಲಿ ಪಕ್ಕಕ್ಕೆ ಜಾರುವುದರಿಂದ ಸವಾರನು ನೆಟ್ಟಗೆ ಮೇಲಕ್ಕೇ ಏರಿಸುತ್ತಾನೆ. ನೀರು ಇಳಿಯಬಯಸುವ ದಿಕ್ಕಿನಲ್ಲಿಯೇ ಹೀಗೆ ನಾವು ಅದಕ್ಕೆ ಕಾಲುವೆ ತೋಡಿಕೊಟ್ಟಂತಾಗುತ್ತದೆ. ಹುಲ್ಲಿನ ನಡುವೆ ತೆಳ್ಳಗೆ ಹರಡಿ ನಿಧಾನವಾಗಿ ಇಂಗುತ್ತಿದ್ದ ನೀರು ಗೀರಿನಲ್ಲಿ ಕೂಡಿಕೊಂಡು ವೇಗವಾಗುತ್ತದೆ. ಪ್ರವಾಹದ ವೇಗ ಇಮ್ಮಡಿಯಾದರೆ ಅದು ಉರುಳಿಸಬಲ್ಲ ಕಲ್ಲಿನ ತೂಕ 64 ಮಡಿಯಾಗುತ್ತದೆಂದು ಜಲವಿಜ್ಞಾನದ ಹಳೆಯ ನಿಯಮವೊಂದು ತಿಳಿಸುತ್ತದೆ. ಆಗುಂಬೆಯಂಥ ಕಡೆ ವರ್ಷಕ್ಕೆ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುತ್ತದೆ. ಬೇಸಗೆಯಲ್ಲಿ ಬೆರಳುದ್ದ ಆಳವಿದ್ದ ಗೀರು ಕೆಲವೇ ಮಳೆಗಾಲಗಳಲ್ಲಿ ಕೊರಕಲಾದರೆ ಆಶ್ಚರ್ಯಪಡಬೇಕಾಗಿಲ್ಲ.

ನೆಲದ ನೆನಪು ಎಷ್ಟು ದೀರ್ಘವೆಂಬುದಕ್ಕೆ ಅಮೆರಿಕದ ಮೊಹಾವಿ ಮರುಭೂಮಿ ಸಾಕ್ಷಿ. ಎರಡನೆಯ ಮಹಾಯುದ್ಧದ ಸಮಯದಲ್ಲಿ, 1942ರಿಂದ 1944ರವರೆಗೆ, ಅಲ್ಲಿ ತಾಲೀಮು ನಡೆಸಿದ ಟ್ಯಾಂಕುಗಳ ಜಾಡು ಇಂದಿಗೂ ಕಾಣುತ್ತದೆ. ಮೋಟಾರು ಸೈಕಲು ಟ್ಯಾಂಕಲ್ಲ, ನಿಜ. ಆದರೆ ಮರುಭೂಮಿಯಲ್ಲಿ ಮಳೆಯಿಲ್ಲದೆ ಗಾಯ ಇದ್ದಂತೆಯೇ ಉಳಿಯುತ್ತದೆ, ನಮ್ಮ ಘಟ್ಟದಲ್ಲಿ ಮಳೆಯಿಂದ ಅದು ಬೆಳೆಯುತ್ತದೆ. ಸವಾರರು ವಿಪುಲವಾಗಿರುವ ಆ ದೇಶದಲ್ಲಿ 1972ರಲ್ಲಿ ಅಧ್ಯಕ್ಷ ನಿಕ್ಸನ್ನರ ಆಜ್ಞೆಯೊಂದು ಹೊರಟು, ಸರ್ಕಾರಿ ಭೂಮಿಯಲ್ಲಿ ಇಂಥ ವಾಹನಗಳಿಗೆ ಯಾವ ಜಾಡು ತೆರೆದಿದೆ, ಯಾವುದು ಮುಚ್ಚಿದೆ ಎಂಬುದನ್ನು ಗೊತ್ತುಪಡಿಸಬೇಕೆಂದು ಇಲಾಖೆಗಳಿಗೆ ವಿಧಿಸಿತು. ಹವ್ಯಾಸವನ್ನು ನಿಷೇಧಿಸದೆ ಅದಕ್ಕೆ ಎಲ್ಲೆ ಗೊತ್ತುಮಾಡಿದ ಕ್ರಮವಿದು.

"ಗುಡ್ಡವನ್ನೇ ಕಡಿದು ರೆಸಾರ್ಟು ಕಟ್ಟುವವರನ್ನು ಬಿಟ್ಟು ನಮ್ಮನ್ನೇಕೆ ದೂರುತ್ತೀರಿ?" ಎಂದು ಬಳಗದ ತರುಣರು ಕೇಳುವುದುಂಟು. ದೊಡ್ಡ ಅಪರಾಧ ಸಣ್ಣದಕ್ಕೆ ರಹದಾರಿಯಾಗದು. ಅಲ್ಲದೆ ಹಾನಿ ಯಾರಿಗೆಂಬುದನ್ನೂ ನೋಡಬೇಕು. ತುಂಗೆ ಭದ್ರೆಯರು ಹುಟ್ಟುವುದು ಕುದುರೆಮುಖ ಸೀಮೆಯ ಗಂಗಾಮೂಲದಲ್ಲಿ. ಅಂಥ ಬೆಟ್ಟಗಳ ಹುಲ್ಲುಗಾವಲೂ ಶೋಲಾ ಕಾಡೂ ಮಳೆಯನ್ನು ಹೀರಿ, ಬೇಸಗೆಗೆ ಹಳ್ಳಗಳಲ್ಲಿ ಬಿಟ್ಟುಕೊಡುತ್ತವೆ. ಅಭಯಾರಣ್ಯದೊಳಕ್ಕೆ ಅನುಮತಿಯಿಲ್ಲದೆ ಕಾಲಿಡದಂತೆ 1972ರ ವನ್ಯಜೀವಿ ಕಾಯಿದೆ ತಡೆಯುತ್ತದೆ. ಆದರೆ ಮಲೆನಾಡಿನ ಬೋರೆಗಳೆಲ್ಲ ಅಭಯಾರಣ್ಯಗಳಲ್ಲ. ಕೆಲವು ಕಂದಾಯ ಭೂಮಿ, ಕೆಲವು ಊರಿನ ಗೋಮಾಳ. ಅಲ್ಲಿ ಕೊರಕಲು ಬಿದ್ದರೆ ಮೇವು ಕಳೆದುಕೊಳ್ಳುವವರು, ಕೆಳಗಿನ ಗದ್ದೆಯಲ್ಲಿ ಹೂಳು ತೋಡುವವರು ಆ ಊರಿನ ರೈತರು. ಸಂಜೆಗೆ ಪಟ್ಟಣ ಸೇರುವ ಸವಾರನಿಗೆ ಅದು ಕಾಣುವುದೇ ಇಲ್ಲ.

ಹಾಗಾದರೆ ಮಾಡಬೇಕಾದುದೇನು? ಬಳಗಗಳು ತಾವಾಗಿಯೇ ಮೂರು ನಿಯಮಗಳನ್ನು ಪಾಲಿಸಬಹುದು. ಮೊದಲಿನಿಂದ ಇರುವ ಗಾಲಿಜಾಡನ್ನು ಬಿಟ್ಟು ಇಳಿಯಬಾರದು. ಎದುರಿಗೆ ಕೆಸರಿದ್ದರೆ ಪಕ್ಕದ ಹುಲ್ಲಿನ ಮೇಲೆ ಸುತ್ತಿಬಳಸದೆ ಅದರೊಳಗೇ ಹಾಯಬೇಕು, ಇಲ್ಲವೆ ಹಿಂದಿರುಗಬೇಕು. ಮಳೆ ಬಿದ್ದು ನೆಲ ನೆನೆದಿರುವಾಗ ಕಡಿದಾದ ಮಣ್ಣಿನ ಏರುಗಳಿಗೆ ಹೋಗಬಾರದು. ಸಾಹಸದ ಏರಿಳಿತಗಳ ಅಭ್ಯಾಸವನ್ನು ಒಡೆಯರ ಒಪ್ಪಿಗೆ ಪಡೆದು ಖಾಸಗಿ ಬಯಲಿನಲ್ಲಿ ನಡೆಸಬೇಕು. ಸರ್ಕಾರದಿಂದಲೂ ಒಂದು ಕೆಲಸವಾಗಬೇಕು. ಸಾರ್ವಜನಿಕರು ಓಡಾಡಬಹುದಾದ ಮಣ್ಣುರಸ್ತೆಗಳ ಪಟ್ಟಿಯನ್ನು ಜಿಲ್ಲೆಜಿಲ್ಲೆಗೂ ನಕ್ಷೆಸಮೇತ ಪ್ರಕಟಿಸಿದರೆ, ತಿಳಿಯದೆ ತಪ್ಪುದಾರಿ ಹಿಡಿಯುವವರು ಕಡಿಮೆಯಾಗುತ್ತಾರೆ. ತಿಳಿದೂ ಹಿಡಿಯುವವರನ್ನು ಗುರುತಿಸುವುದೂ ಸುಲಭವಾಗುತ್ತದೆ.

ಇಷ್ಟರಿಂದ ಸವಾರಿಯ ಸುಖ ಕುಂದುವುದಿಲ್ಲ. ಬಂಡಿಗಳು ಶತಮಾನಗಳ ಕಾಲ ತುಳಿದು ಗಟ್ಟಿಮಾಡಿದ ಹಾದಿಯಲ್ಲಿ ಕಲ್ಲೂ ಮರಳೂ ಹಳ್ಳವೂ ಕಡಿದಾದ ತಿರುವೂ ಬೇಕಾದಷ್ಟಿವೆ. ಸವಾರನ ಕೌಶಲವನ್ನು ಅವು ಸಾಕಷ್ಟು ಪರೀಕ್ಷಿಸುತ್ತವೆ. ನಮ್ಮ ಬಳಗವು ಬೆಟ್ಟದ ಬುಡದಲ್ಲಿ ಗಾಡಿಗಳನ್ನು ನಿಲ್ಲಿಸಿ ನೆತ್ತಿಗೆ ನಡೆದೇ ಹೋಗುವ ರೂಢಿಯನ್ನು ಇಟ್ಟುಕೊಂಡಿದೆ. ದಾರಿ ಮುಗಿದಲ್ಲಿ ಎಂಜಿನ್ನನ್ನು ಆರಿಸುವುದೂ ಸವಾರಿಯ ವಿದ್ಯೆಯ ಒಂದು ಭಾಗವೆಂದು ಹೊಸಬರಿಗೆ ಮೊದಲ ದಿನವೇ ಹೇಳಿಕೊಡಬೇಕು.