ಪೆಟ್ಟಿಗೆಯಲ್ಲಿ ಸಿಕ್ಕ ರಾಣಿ ರೂಪಾಯಿಗೆ ಬೆಲೆ ಎಷ್ಟು?

ಹಳೆಯ ಮನೆ ಕೆಡವುವಾಗಲೋ ಅಜ್ಜಿಯ ಟ್ರಂಕು ಖಾಲಿ ಮಾಡುವಾಗಲೋ ವಿಕ್ಟೋರಿಯಾ ರಾಣಿಯ ಮುಖದ ಬೆಳ್ಳಿ ರೂಪಾಯಿ ಸಿಗುವುದು ನಮ್ಮ ಕಡೆ ಅಪರೂಪವೇನಲ್ಲ. ಸಿಕ್ಕ ಕೂಡಲೇ ಮನೆಮಂದಿಗೆಲ್ಲ ಒಂದೇ ಕುತೂಹಲ: ಇದಕ್ಕೆ ಎಷ್ಟು ಬರಬಹುದು? ನೆಂಟರೊಬ್ಬರು ಲಕ್ಷ ಎನ್ನುತ್ತಾರೆ. ಬೆಳ್ಳಿ ಅಂಗಡಿಯವರು ತಕ್ಕಡಿಗೆ ಹಾಕಿ ಅಂದಿನ ದರ ಹೇಳುತ್ತಾರೆ. ನಿಜವಾದ ಬೆಲೆ ಹೆಚ್ಚಿನ ಸಲ ಅಂಗಡಿಯವರ ಮಾತಿಗೇ ಹತ್ತಿರವಿರುತ್ತದೆ. ಕೆಲವು ಸಲ ಅದಕ್ಕಿಂತ ಬಹಳ ಮೇಲಿರುತ್ತದೆ. ಯಾವಾಗ ಹಾಗೆ, ಯಾವಾಗ ಹೀಗೆ ಎಂಬುದನ್ನು ಮುಕ್ಕಾಲು ಪಾಲು ಮನೆಯಲ್ಲೇ ಕುಳಿತು ತಿಳಿಯಬಹುದು.

ಎಲ್ಲಕ್ಕಿಂತ ಮೊದಲು ಒಂದು ವಿನಂತಿ. ನಾಣ್ಯವನ್ನು ಉಜ್ಜಬೇಡಿ. ಲಕ್ಷ್ಮೀಪೂಜೆಗೆ ಇಡುವ ರೂಪಾಯಿಯನ್ನು ಹುಣಸೆಹಣ್ಣು ಹಾಕಿ ತಿಕ್ಕಿ, ವಿಭೂತಿಯಲ್ಲೋ ಹಲ್ಲುಪುಡಿಯಲ್ಲೋ ಹೊಳಪು ಕೊಡುವುದು ನಮ್ಮ ಮನೆಗಳಲ್ಲಿ ರೂಢಿ. ಆದರೆ ಗಾಳಿಯಲ್ಲಿರುವ ಗಂಧಕದ ಅಂಶ ತಾಗಿ ಬೆಳ್ಳಿಯ ಮೇಲೆ ವರ್ಷಗಟ್ಟಲೆ ಕೂರುವ ಆ ಕಪ್ಪುಛಾಯೆಯನ್ನೇ ಸಂಗ್ರಹಕಾರರು ಮೊದಲು ಹುಡುಕುವುದು. ನಾಣ್ಯವನ್ನು ಯಾರೂ ಕೆದಕಿಲ್ಲ ಎನ್ನುವುದಕ್ಕೆ ಅದೇ ಸಾಕ್ಷಿ. ಹುಳಿ ಆ ಪದರವನ್ನು ತಿಂದುಹಾಕುತ್ತದೆ, ಪುಡಿ ಸಣ್ಣ ಸಣ್ಣ ಗೀರು ಬಿಡುತ್ತದೆ, ಎರಡಕ್ಕೂ ಮದ್ದಿಲ್ಲ. ಸರಕ್ಕೆ ಪೋಣಿಸಲೆಂದು ಕೊಂಡಿ ಬೆಸೆದ ನಾಣ್ಯದ ಕಥೆಯೂ ಇದೇ. ಕೊಂಡಿ ತೆಗೆಸಿದರೂ ಬೆಸುಗೆಯ ಕಲೆ ಉಳಿಯುತ್ತದೆ.

ಇನ್ನು ಲೆಕ್ಕ. ಈಸ್ಟ್ ಇಂಡಿಯಾ ಕಂಪನಿ 1835ರಲ್ಲಿ ತನ್ನ ಆಳ್ವಿಕೆಯ ಪ್ರಾಂತ್ಯಗಳಿಗೆಲ್ಲ ಒಂದೇ ಬಗೆಯ ರೂಪಾಯಿ ತಂದಿತು. ತೂಕ ಒಂದು ತೊಲ, ಅಂದರೆ 11.66 ಗ್ರಾಂ. ಅದರಲ್ಲಿ ನೂರಕ್ಕೆ 91.7 ಪಾಲು ಬೆಳ್ಳಿ. ಹಾಗಾಗಿ ಸವೆಯದ ಒಂದು ರೂಪಾಯಿಯಲ್ಲಿ ಸುಮಾರು 10.69 ಗ್ರಾಂ ಶುದ್ಧ ಬೆಳ್ಳಿ ಇರುತ್ತದೆ. ಬೆಳ್ಳಿಯ ದರ ಗ್ರಾಂಗೆ 100 ರೂಪಾಯಿ ಎಂದಿಟ್ಟುಕೊಂಡರೆ ಲೋಹದ ಬೆಲೆಯೇ 1,069 ರೂಪಾಯಿ. ಇಂದಿನ ದರ ಹಾಕಿ ನೀವೇ ಗುಣಿಸಿಕೊಳ್ಳಿ. ಎರಡನೇ ಮಹಾಯುದ್ಧದ ಒತ್ತಡದಲ್ಲಿ 1940ರಿಂದ ಬೆಳ್ಳಿಯನ್ನು ಅರ್ಧಕ್ಕೆ ಇಳಿಸಿದರು. ಅಲ್ಲಿಂದ ಮುಂದಿನ ರೂಪಾಯಿಯಲ್ಲಿ 5.83 ಗ್ರಾಂ ಮಾತ್ರ ಬೆಳ್ಳಿ. ಹುಲಿಯ ಚಿತ್ರವಿರುವ 1947ರ ರೂಪಾಯಿಯನ್ನೂ ಬೆಳ್ಳಿಯೆಂದೇ ಬಹಳ ಮಂದಿ ಜೋಪಾನ ಮಾಡಿದ್ದಾರೆ. ಅದು ನಿಕಲ್. ಅಯಸ್ಕಾಂತ ಹಿಡಿದರೆ ಟಕ್ಕನೆ ಅಂಟಿಕೊಳ್ಳುತ್ತದೆ, ಬೆಳ್ಳಿ ಅಂಟುವುದಿಲ್ಲ.

ಲೋಹದ ಬೆಲೆ ಕನಿಷ್ಠ ಮಟ್ಟ. ಅದರ ಮೇಲೆ ಎಷ್ಟು ಏರುತ್ತದೆ ಎನ್ನುವುದು ಎಷ್ಟು ನಾಣ್ಯ ಉಳಿದಿವೆ, ಎಷ್ಟು ಮಂದಿಗೆ ಅವು ಬೇಕು ಎನ್ನುವುದನ್ನು ಅವಲಂಬಿಸಿದೆ. ವಯಸ್ಸಿನ ಪಾತ್ರ ಜನ ಅಂದುಕೊಂಡಷ್ಟು ದೊಡ್ಡದಲ್ಲ. ವಿಜಯನಗರದ ತಾಮ್ರದ ಸಾಮಾನ್ಯ ಕಾಸುಗಳು ಐದಾರು ಶತಮಾನ ಹಳೆಯವಾದರೂ ಕೆಲವು ನೂರು ರೂಪಾಯಿಗೆ ಸಿಗುತ್ತವೆ, ಏಕೆಂದರೆ ಬೇಕಾದಷ್ಟು ಉಳಿದಿವೆ. 1862 ಎಂದು ಅಚ್ಚಾದ ರಾಣಿ ರೂಪಾಯಿಯನ್ನೇ ನೋಡಿ. ಟಂಕಸಾಲೆಗಳು ಇಸವಿ ಬದಲಿಸದೆ 1874ರವರೆಗೂ ಅದನ್ನೇ ಒತ್ತುತ್ತಾ ಹೋದವು, ಹಾಗಾಗಿ ಅದು ಧಾರಾಳವಾಗಿ ಸಿಗುತ್ತದೆ. ಅದಕ್ಕಿಂತ 77 ವರ್ಷ ಚಿಕ್ಕದಾದ 1939ರ ಆರನೇ ಜಾರ್ಜ್ ರೂಪಾಯಿಯಾದರೋ ಬಹುಪಾಲು ಕರಗಿಹೋಗಿ, ಸಂಗ್ರಹಕಾರರು ವರ್ಷಗಟ್ಟಲೆ ಕಾಯುವ ನಾಣ್ಯವಾಗಿದೆ. 1911ರ ರೂಪಾಯಿಯಲ್ಲಿ ಐದನೇ ಜಾರ್ಜ್ ದೊರೆಯ ನಿಲುವಂಗಿಯ ಮೇಲಿನ ಪುಟ್ಟ ಆನೆ ಜನರ ಕಣ್ಣಿಗೆ ಹಂದಿಯಂತೆ ಕಂಡು ಗಲಾಟೆಯಾಯಿತು. ಸರ್ಕಾರ ಅದನ್ನು ಹಿಂಪಡೆದು ಕರಗಿಸಿ, 1912ರಿಂದ ಆನೆಯ ಆಕಾರ ತಿದ್ದಿ ಅಚ್ಚು ಹಾಕಿಸಿತು. ಭೂತಗನ್ನಡಿ ಹಿಡಿದು ಆ ಆನೆಯನ್ನು ನೋಡುವುದೇ ಒಂದು ಸಂತೋಷ.

ಭೂತಗನ್ನಡಿ ಕೈಯಲ್ಲಿದ್ದಾಗಲೇ ಸವೆತವನ್ನೂ ನೋಡಿಬಿಡಿ. ನಾಣ್ಯದಲ್ಲಿ ಎತ್ತರವಿರುವ ಜಾಗ ಮೊದಲು ಸವೆಯುತ್ತದೆ. ರಾಣಿಯ ಕೆನ್ನೆ, ಕಿರೀಟದ ಅಂಚು, ಉಡುಪಿನ ಕಸೂತಿಯ ಹೂಗಳು ಗರಿಗರಿಯಾಗಿ ಕಂಡರೆ ಅದು ಹೆಚ್ಚು ಕೈ ಬದಲಾಯಿಸದ ನಾಣ್ಯ. ಒಂದೇ ಇಸವಿಯ ಎರಡು ರೂಪಾಯಿಗಳ ಬೆಲೆ ಇದೊಂದೇ ಕಾರಣಕ್ಕೆ ಹಲವು ಪಟ್ಟು ಬೇರೆಯಾಗಬಹುದು.

ಅಪರೂಪದ್ದು ಸಿಕ್ಕಿತೆಂದು ಹಿಗ್ಗುವ ಮುನ್ನ ಅನುಮಾನಿಸುವುದು ಒಳ್ಳೆಯದು. 1938ರ ಕೊನೆಯ ಅಂಕಿಯನ್ನು ಕೆತ್ತಿ 9 ಮಾಡಿರಬಹುದು, ಅಂಕಿಯ ಬುಡ ಪರೀಕ್ಷಿಸಿ. ಈಸ್ಟ್ ಇಂಡಿಯಾ ಕಂಪನಿಯ ಹೆಸರು, 1818ರ ಇಸವಿ, ರಾಮನ ದರ್ಬಾರು ಅಥವಾ ಹನುಮಂತನ ಚಿತ್ರವಿರುವ ಆಣೆಗಳನ್ನು ಕಂಪನಿ ಹೊರಡಿಸಿಯೇ ಇರಲಿಲ್ಲ. ಇಂಥವನ್ನು ತೋರಿಸಿ ‘ಅಕ್ಕಿ ಎಳೆಯುತ್ತದೆ, ಇರಿಡಿಯಂ ಇದೆ’ ಎಂದು ನಂಬಿಸಿ ಕುಟುಂಬಗಳನ್ನೇ ಬೀದಿಗೆ ತಂದವರಿದ್ದಾರೆ. ಮೊಬೈಲಿನಲ್ಲಿ ಬರುವ ಜಾಹೀರಾತಿನದು ಇನ್ನೊಂದು ಬಗೆ: ವೈಷ್ಣೋದೇವಿ ನಾಣ್ಯಕ್ಕೆ, ಟ್ರ್ಯಾಕ್ಟರ್ ಚಿತ್ರದ ಐದು ರೂಪಾಯಿ ನೋಟಿಗೆ ಲಕ್ಷಾಂತರ ಕೊಡುತ್ತೇವೆ, ಮೊದಲು ಶುಲ್ಕ ಕಟ್ಟಿ ಎನ್ನುತ್ತಾರೆ. ತನ್ನ ಹೆಸರಿನಲ್ಲಿ ಹೀಗೆ ಶುಲ್ಕ, ಕಮಿಷನ್ ಕೇಳುವವರನ್ನು ನಂಬಬೇಡಿ ಎಂದು ರಿಸರ್ವ್ ಬ್ಯಾಂಕ್ 2021ರ ಆಗಸ್ಟ್‌ನಲ್ಲಿ ಪ್ರಕಟಣೆಯನ್ನೇ ಹೊರಡಿಸಿತು. ಕೊಳ್ಳುವವನು ಮಾರುವವನಿಂದ ಹಣ ಕೇಳಿದರೆ ಅಲ್ಲಿಗೇ ಮಾತು ಮುಗಿಸಿ.

ಬೆಲೆ ನೋಡುವಾಗ ಯಾರೋ ಕೇಳುತ್ತಿರುವ ಬೆಲೆಯನ್ನು ನೋಡಬೇಡಿ, ನಿಜಕ್ಕೂ ಮಾರಾಟವಾದ ಬೆಲೆಯನ್ನು ನೋಡಿ. ನಾಣ್ಯ ಹರಾಜು ಸಂಸ್ಥೆಗಳು ಹಿಂದಿನ ಹರಾಜುಗಳ ಫಲಿತಾಂಶ ಪ್ರಕಟಿಸುತ್ತವೆ; ಅದೇ ಇಸವಿ, ಅದೇ ಟಂಕಸಾಲೆ, ಅಷ್ಟೇ ಸವೆದ ನಾಣ್ಯದ ಜೊತೆ ನಿಮ್ಮದನ್ನು ಹೋಲಿಸಿ. ನಾಣ್ಯ ಪ್ರದರ್ಶನಗಳಿಗೆ ಹೋಗಿ, ಒಬ್ಬರಿಗಿಂತ ಹೆಚ್ಚು ವ್ಯಾಪಾರಿಗಳನ್ನು ಕೇಳಿ. ಅವರು ಲಾಭ ಇಟ್ಟುಕೊಂಡೇ ಕೊಳ್ಳುತ್ತಾರೆ, ಅದು ನ್ಯಾಯವೇ.

ಇಷ್ಟೆಲ್ಲ ಮನೆಯಲ್ಲಿ ತಲೆತಲಾಂತರದಿಂದ ಉಳಿದ ನಾಣ್ಯದ ಮಾತು. ಹೊಲ ಉಳುವಾಗ, ಪಾಯ ತೋಡುವಾಗ ನಾಣ್ಯದ ಕುಡಿಕೆ ಸಿಕ್ಕಿದರೆ ವಿಷಯವೇ ಬೇರೆ. ನಿಧಿಗೆ ಸಂಬಂಧಿಸಿದ ಕಾನೂನಿನಂತೆ ಅದನ್ನು ಜಿಲ್ಲಾಧಿಕಾರಿಗೆ ತಿಳಿಸಬೇಕು. ಇದು ಬರೀ ಕಾನೂನಿನ ಮಾತಲ್ಲ. ಯಾವ ನಾಣ್ಯದ ಜೊತೆ ಯಾವುದು, ಎಲ್ಲಿ, ಎಷ್ಟು ಆಳದಲ್ಲಿ ಇತ್ತು ಎನ್ನುವುದರಿಂದ ಆ ಊರಿನ ಚರಿತ್ರೆ ತಿಳಿಯುತ್ತದೆ. ನಾಲ್ಕು ಮಂದಿ ಹಂಚಿಕೊಂಡು ಮಾರಿದ ಮೇಲೆ ಅದು ಯಾರಿಗೂ ಸಿಗದು. ನೂರು ವರ್ಷ ದಾಟಿದ ನಾಣ್ಯ 1972ರ ಪುರಾವಸ್ತು ಕಾಯ್ದೆಯ ಪ್ರಕಾರ ಪುರಾವಸ್ತುವೂ ಹೌದು, ಖಾಸಗಿಯವರು ಅದನ್ನು ದೇಶದಿಂದ ಹೊರಗೆ ಒಯ್ಯುವಂತಿಲ್ಲ. ಅಮೆರಿಕದಲ್ಲಿರುವ ಮಗಳ ದೇವರ ಮನೆಗೆಂದು ರಾಣಿ ರೂಪಾಯಿಯನ್ನು ಸೂಟ್‌ಕೇಸಿನಲ್ಲಿಟ್ಟು ಕಳಿಸುವವರು ಇದನ್ನು ತಿಳಿದಿರಬೇಕು.