ತೋಟ ನೋಡುವ ಕಣ್ಣಿನಿಂದ ಮನೆಯನ್ನೂ ನೋಡೋಣ



ಬೆಲೆ, ಗೊಬ್ಬರ, ಸಾಲದ ಕಂತುಗಳ ಮಾತನ್ನು ಈ ಸಲ ಬದಿಗಿಟ್ಟು, ನಮ್ಮ ಸಭೆಗಳಲ್ಲಿ ಯಾರೂ ಎತ್ತದ ಒಂದು ವಿಷಯವನ್ನು ಬರೆಯುತ್ತಿದ್ದೇನೆ. ಬರೆಯಲು ಕಾರಣ ನನ್ನದೇ ಒಂದು ತಪ್ಪು.

ಕೆಲವು ವರ್ಷಗಳ ಹಿಂದೆ, ಮಕ್ಕಳಿಲ್ಲದ ವೃದ್ಧೆಯೊಬ್ಬರು ಠೇವಣಿ ಹಣ ತೆಗೆಯಲು ನಮ್ಮ ಕಛೇರಿಗೆ ಬಂದರು. ಗಂಡ ತೀರಿಕೊಂಡ ಮೇಲೆ ತೋಟವನ್ನು ಸಂಬಂಧಿಕ ಯುವಕನೊಬ್ಬನಿಗೆ ದಾನಪತ್ರ ಮಾಡಿಕೊಟ್ಟು, ಅವನ ಆಶ್ರಯದಲ್ಲಿದ್ದವರು. ಹಿಂದೆ ಬಂದಾಗಲೆಲ್ಲ ಅರ್ಧ ಗಂಟೆ ಮಾತನಾಡದೆ ಹೋದವರಲ್ಲ. ಅಂದು ನಾನು ಕೇಳಿದ ಪ್ರತಿ ಪ್ರಶ್ನೆಗೂ ಆ ಯುವಕನೇ ಉತ್ತರ ಕೊಟ್ಟ. ಕನ್ನಡಕದ ಒಂದು ಗಾಜು ಒಡೆದಿತ್ತು. ಸದಾ ಸಹಿ ಹಾಕುತ್ತಿದ್ದವರು ಹೆಬ್ಬೆಟ್ಟು ಒತ್ತಿದರು. ಕೊಯ್ಲಿನ ಕಾಲ, ಕಛೇರಿ ತುಂಬ ಜನ. ನಾನು ವೋಚರಿಗೆ ಸಹಿ ಮಾಡಿ ಹಣ ಕೊಡಿಸಿದೆ. ಮುಂದಿನ ಮಳೆಗಾಲದಲ್ಲಿ ಅವರ ಮನೆಗೆ ಹೋದಾಗ, ಗೊಬ್ಬರದ ಚೀಲಗಳಿದ್ದ ಕೋಣೆಯ ಮೂಲೆಯಲ್ಲಿ ಒದ್ದೆ ಹಾಸಿಗೆಯ ಮೇಲೆ ಮಲಗಿದ್ದರು. ರಕ್ತದೊತ್ತಡದ ಮಾತ್ರೆ ನಿಂತು ತಿಂಗಳುಗಳೇ ಆಗಿದ್ದವು. ಈಗ ತಂಗಿಯ ಮನೆಯಲ್ಲಿ ಕ್ಷೇಮವಾಗಿದ್ದಾರೆ. ಆದರೆ ಅಂದು ಮೇಜಿನ ಎದುರಿಗಿದ್ದ ಲಕ್ಷಣಗಳನ್ನು ನೋಡಿಯೂ ನೋಡದೆ ಹೋದೆನೆಂಬ ಕೊರಗು ನನ್ನನ್ನು ಬಿಟ್ಟಿಲ್ಲ.

ಅರೇಬಿಕಾ ಬೆಳೆಯುವ ನಮಗೆಲ್ಲ ಬೋರರ್ ಹುಳುವಿನ ಪರಿಚಯವಿದೆ. ಎಲೆ ಹಳದಿಯಾಗುವ ವೇಳೆಗೆ ಹುಳು ಕಾಂಡದೊಳಗೆ ಸುರಂಗ ಕೊರೆದಿರುತ್ತದೆ. ಆದ್ದರಿಂದಲೇ ದುಂಬಿ ಹೊರಬರುವ ಮೊದಲು ಗಿಡಗಿಡವನ್ನೂ ತಡವಿ, ಕಾಂಡದ ಮೇಲೆ ಏಣು ಎದ್ದಿದೆಯೇ ಎಂದು ನೋಡುತ್ತೇವೆ. ಮನೆಯ ಹಿರಿಯರ ವಿಷಯದಲ್ಲಿ ಮಾತ್ರ ಎಲೆ ಉದುರುವವರೆಗೂ ಕಾಯುತ್ತೇವೆ.

ನೋಡಬೇಕಾದ ಗುರುತುಗಳು ಬಹಳವಿಲ್ಲ. ಹಿರಿಯರು ಕಾರಣವಿಲ್ಲದೆ ಇಳಿದುಹೋಗುವುದು. ಮಣಿಕಟ್ಟಿನಲ್ಲಿ, ತೋಳಿನಲ್ಲಿ ಕಂದಿದ ಕಲೆ, ಕೇಳಿದರೆ ದಿನಕ್ಕೊಂದು ಕಾರಣ. ಮಾತ್ರೆ, ಕನ್ನಡಕ, ಕಿವಿಯ ಯಂತ್ರ ಇವುಗಳ ಬಗ್ಗೆ ‘ಈಗೇನು ಅವಸರ’ ಎಂಬ ಉತ್ತರ. ಬಂದವರೊಡನೆ ಒಬ್ಬರನ್ನೇ ಮಾತನಾಡಲು ಬಿಡದಿರುವುದು. ಇದ್ದಕ್ಕಿದ್ದಂತೆ ನಾಮಿನಿ ಬದಲಾಗುವುದು. ಹೊಡೆದರೆ ಮಾತ್ರ ದೌರ್ಜನ್ಯವಲ್ಲ. ಹಂಗಿಸುವುದು, ಹೆದರಿಸಿ ಸಹಿ ಪಡೆಯುವುದು, ಊಟ ಔಷಧಿಗಳನ್ನು ಮರೆಯುವುದೂ ಅದೇ ಸಾಲಿಗೆ ಸೇರುತ್ತವೆ.

ಆದರೆ ಎಲ್ಲ ಮನೆಗಳಲ್ಲೂ ದುರಾಸೆಯೇ ಕಾರಣವೆಂದು ನಾನು ಹೇಳಲಾರೆ. ಮರೆವಿನ ಕಾಯಿಲೆಯ ಅತ್ತೆ ರಾತ್ರಿ ಮೂರು ಸಲ ಎದ್ದು ಬಾಗಿಲು ತೆಗೆಯುತ್ತಾರೆ. ಬೆಳಗಾದರೆ ಸೊಸೆ ಆಳುಗಳಿಗೆ ತಿಂಡಿ, ದನ, ಕಣ ಎಲ್ಲವನ್ನೂ ನೋಡಬೇಕು. ಅತ್ತ ಕೊಳೆರೋಗಕ್ಕೆ ಅರ್ಧ ಫಸಲು ಹೋಗಿದೆ, ಗಂಡನಿಗೆ ಕಂತಿನ ಚಿಂತೆ. ನಿದ್ರೆಯಿಲ್ಲದ ಕೈ ಒಂದು ದಿನ ಮೇಲೇಳುತ್ತದೆ. ಅದು ತಪ್ಪೇ; ಆದರೆ ಆಕೆಯನ್ನು ದೂರುವ ಮೊದಲು, ಪಟ್ಟಣದಲ್ಲಿರುವ ಉಳಿದ ಮಕ್ಕಳು ತಮ್ಮ ಪಾಲಿನ ಕೆಲಸವೇನೆಂದು ಕೇಳಿಕೊಳ್ಳಬೇಕು. ತಿಂಗಳಿಗೊಮ್ಮೆ ಹಣ ಕಳಿಸಿದರೆ ಋಣ ತೀರುವುದಿಲ್ಲ. ಕೊಯ್ಲಿನ ಎರಡು ತಿಂಗಳಾದರೂ ತಾಯಿಯನ್ನು ತಮ್ಮಲ್ಲಿ ಇಟ್ಟುಕೊಳ್ಳಲಿ, ಅಥವಾ ಬಂದು ರಾತ್ರಿ ಪಾಳಿ ಮಾಡಲಿ. ನಿದ್ರೆ ಕೆಟ್ಟು, ಸಣ್ಣ ಮಾತಿಗೂ ಸಿಟ್ಟು ಅಳು ಬರುತ್ತಿದ್ದರೆ 14416ಕ್ಕೆ ಫೋನ್ ಮಾಡಬಹುದು. 2022ರಲ್ಲಿ ಆರಂಭವಾದ ಟೆಲಿ ಮಾನಸ್ ಎಂಬ ಈ ಉಚಿತ ಸೇವೆಯಲ್ಲಿ ಕನ್ನಡದಲ್ಲೇ ಮಾತನಾಡಬಹುದು. ಗಂಡಸರಿಗೂ ಈ ಮಾತು ಅನ್ವಯಿಸುತ್ತದೆ. ಸಾಲದ ಚಿಂತೆಯನ್ನು ನುಂಗಿಕೊಂಡು ಕೂತರೆ ಅದು ಹೊರಬರುವುದು ಮನೆಯಲ್ಲಿ ಎಲ್ಲರಿಗಿಂತ ಬಲಹೀನರಾದವರ ಮೇಲೆಯೇ.

ಇನ್ನು ಆಸ್ತಿಯ ಮಾತು. 2007ರ ಪೋಷಕರ ಮತ್ತು ಹಿರಿಯ ನಾಗರಿಕರ ಪೋಷಣೆ ಕಾಯಿದೆಯಂತೆ, ಅರುವತ್ತು ತುಂಬಿದವರು ಮಕ್ಕಳಿಂದ ಜೀವನಾಂಶ ಕೇಳಬಹುದು. ಮಕ್ಕಳಿಲ್ಲದವರು ತಮ್ಮ ಆಸ್ತಿ ಪಡೆಯುವ ಸಂಬಂಧಿಕರಿಂದಲೂ ಕೇಳಬಹುದು. ಅರ್ಜಿಯನ್ನು ಉಪವಿಭಾಗಾಧಿಕಾರಿಗಳ ಮುಂದೆ ಕೊಡಬೇಕು. ಇದೇ ಕಾಯಿದೆಯ 23ನೆಯ ಕಲಮಿನ ಪ್ರಕಾರ, ನೋಡಿಕೊಳ್ಳಬೇಕೆಂಬ ಷರತ್ತಿನ ಮೇಲೆ ಆಸ್ತಿ ಪಡೆದವನು ಮಾತು ತಪ್ಪಿದರೆ ಆ ಪತ್ರವನ್ನು ರದ್ದುಗೊಳಿಸಬಹುದು. ಆ ಷರತ್ತು ಇತ್ತೆಂದು ತೋರಿಸುವುದು ಅಗತ್ಯವೆಂದು ಸುಪ್ರೀಂ ಕೋರ್ಟು 2022ರಲ್ಲಿ ಹೇಳಿತು. 2025ರ ಜನವರಿಯಲ್ಲಿ ಅದೇ ಕೋರ್ಟು ಕಾಯಿದೆಯನ್ನು ಉದಾರವಾಗಿ ಅರ್ಥೈಸಬೇಕೆಂದು, ತಾಯಿಯೊಬ್ಬಳು ಮಗನಿಗೆ ಕೊಟ್ಟ ದಾನಪತ್ರವನ್ನು ರದ್ದುಪಡಿಸಿತು. ಹೀಗಿದ್ದರೂ, ಕೋರ್ಟಿನ ಔದಾರ್ಯವನ್ನು ನಂಬಿ ಕೂರುವ ಬದಲು ಪತ್ರದಲ್ಲೇ ಒಂದು ವಾಕ್ಯ ಬರೆಸುವುದು ಲೇಸು. ಮೊದಲು ಹೇಳಿದ ವೃದ್ಧೆಯವರ ಪತ್ರದಲ್ಲಿ ‘ಪ್ರೀತಿ ವಿಶ್ವಾಸದಿಂದ’ ಎಂದಷ್ಟೇ ಇತ್ತು.

ಷರತ್ತು ಬರೆಸಿದರೆ ಮಕ್ಕಳ ಮೇಲೆ ಅಪನಂಬಿಕೆ ತೋರಿದಂತಲ್ಲವೇ ಎಂದು ಕೇಳುವವರಿದ್ದಾರೆ. ಸಂಘದಲ್ಲಿ ಎಷ್ಟೇ ಆಪ್ತ ಸದಸ್ಯರಿಗೆ ಸಾಲ ಕೊಟ್ಟರೂ ಜಾಮೀನುದಾರರ ಸಹಿ ಪಡೆಯುತ್ತೇವೆ. ಯಾರೂ ಅದನ್ನು ಅವಮಾನವೆಂದು ತಿಳಿದಿಲ್ಲ. ಪರರ ಮನೆಯ ವಿಷಯ ನಮಗೇಕೆ ಎನ್ನುವವರೂ ಇದ್ದಾರೆ. ನೆರೆಯವನ ತೋಟದಲ್ಲಿ ಬೋರರ್ ಹಿಡಿದ ಗಿಡಗಳು ನಿಂತಿದ್ದರೆ ಬೇಲಿಯಾಚೆ ಎಂದು ನಾವು ಸುಮ್ಮನಿರುತ್ತೇವೆಯೇ?

ಮುಂದಿನ ಸರ್ವಸದಸ್ಯರ ಸಭೆಯ ಮುಂದೆ ಎರಡು ಸಲಹೆ ಇಡಲಿದ್ದೇನೆ. ವೃದ್ಧ ಸದಸ್ಯರು ದೊಡ್ಡ ಠೇವಣಿ ತೆಗೆಯುವಾಗ ಅಥವಾ ನಾಮಿನಿ ಬದಲಿಸುವಾಗ, ಕಾರ್ಯದರ್ಶಿ ಅವರೊಬ್ಬರನ್ನೇ ಕೂರಿಸಿ ಐದು ನಿಮಿಷ ಮಾತನಾಡಿಸಬೇಕು. ಸತತ ಎರಡು ವಾರ್ಷಿಕ ಸಭೆಗೆ ಬಾರದ ಹಿರಿಯ ಸದಸ್ಯರ ಮನೆಗೆ ನಿರ್ದೇಶಕರೊಬ್ಬರು ಹೋಗಿ ಬರಬೇಕು. ಅನುಮಾನ ಬಂದರೆ ಹಿರಿಯರ ಸಹಾಯವಾಣಿ 14567 ಇದೆ. ನೆರೆಹೊರೆಯವರೂ ಕರೆ ಮಾಡಬಹುದು. ಸಭೆಯವರೆಗೆ ಕಾಯಬೇಕಾಗಿಲ್ಲ. ಈ ವಾರ ನಿಮ್ಮ ಪಕ್ಕದ ಮನೆಯ ಜಗುಲಿಯಲ್ಲಿ ಕೂತು ಅಲ್ಲಿನ ಅಜ್ಜಿಯೊಡನೆ ಒಂದು ಲೋಟ ಕಾಫಿ ಕುಡಿದು ಬನ್ನಿ.

— ಕಾರ್ಯದರ್ಶಿ